ಹೊಟ್ಟಿ ಬೆನ್ನಿಗೆ ಹತ್ತಿದ ಟಾಯರು

ಹೋದ ತಿಂಗಳ ಒಂದು ಸಂಜೆ ತಿಕೋಟಾದಲ್ಲಿ ಅಂಗಡಿ ಮುಚ್ಚಿ ಕನಮಡಿಗೆ ಹೊರಟಿದ್ದೆವು. ಊರು ದಾಟಿ ಸ್ವಲ್ಪ ದೂರ ಹೋಗುತ್ತಲೇ ಕಾರಿನೊಳಗೆ ಬಿಸಿ ಡಾಂಬರಿನ ವಾಸನೆ ನುಗ್ಗಿತು. ಹೊಸ ರಸ್ತೆಯ ಕೆಲಸ ಬೇಸಿಗೆಯಿಂದಲೇ ನಡೆದಿತ್ತು. ಇಲ್ಲೊಂದು ತುಂಡು, ಅಲ್ಲೊಂದು ತುಂಡು ಹಾಸುತ್ತ ಬಂದು, ಹಳ್ಳದ ಪೂಲಿನ, ಅಂದರೆ ಸೇತುವೆಯ, ಹತ್ತಿರದ್ದನ್ನು ಮಾತ್ರ ಬಿಟ್ಟಿದ್ದರು. ಅವತ್ತು ಅದನ್ನೂ ಮುಗಿಸಿದ್ದರು. ಉಳಿದವರಿಗೆ ಆ ವಾಸನೆ ಬಂದರೆ ಖುಷಿಯಾಗುತ್ತದೆ. ನನಗೆ ಅದು ಆಗುವುದಿಲ್ಲ. "ಕಿಟಕಿ ಏರಸ್ರಿ" ಅಂದೆ. ನಮ್ಮವರು ಕಿಟಕಿ ಏರಿಸದೆ ಗಾಡಿ ಹೊಡೆಯುತ್ತಿದ್ದರು.

ಈಗ ಬಂದು ಏನು ಉಪಕಾರ ಮಾಡಬೇಕಾಗಿದೆ ಈ ರಸ್ತೆ? ಬರಬೇಕಾದ ವರ್ಷ ಬರಲಿಲ್ಲ. ಆ ವರ್ಷದ ಮಳೆಗಾಲವನ್ನು ನೆನೆದರೆ ಇವತ್ತಿಗೂ ನನಗೆ ಸಿಟ್ಟು ಮೊದಲು ಬರುತ್ತದೆ, ಅಳು ಆಮೇಲೆ.

ನನ್ನ ತವರು ಬಬಲೇಶ್ವರ, ಕೊಟ್ಟದ್ದು ಕನಮಡಿಗೆ. ನಮ್ಮವರು, ಅಂದರೆ ಬಸವರಾಜ, ತಿಕೋಟಾದಲ್ಲಿ ದ್ರಾಕ್ಷಿ ತೋಟಕ್ಕೆ ಬೇಕಾದ ಔಷಧ, ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಗಲ್ಲಾದ ಮೇಲೆ ಕೂಡುವವಳು ನಾನು. ಮಾವ ಈರಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ರಿಟೈರ್ ಆದವರು. ಅವರ ನೌಕರಿಯ ಬಹುಪಾಲು ಇದೇ ವಿಜಯಪುರ, ತಿಕೋಟಾ, ಕನಮಡಿ ದಾರಿಯಲ್ಲಿ ಸವೆದಿತ್ತು. ರಾತ್ರಿ ವಸ್ತಿ ಬಸ್ಸು, ಹಬ್ಬದ ದಿನ ಡ್ಯೂಟಿ, ಮಕ್ಕಳು ಹುಟ್ಟಿದಾಗ ಡ್ಯೂಟಿ. ಅತ್ತೆ ಒಂದೇ ಮಾತು ಹೇಳುತ್ತಿದ್ದರು: "ನಾ ಲಗ್ನಾ ಆಗಿದ್ದು ಇವರನ್ನಲ್ಲ, ಬಸ್‌ಸ್ಟ್ಯಾಂಡನ್ನ."

ಆ ವರ್ಷ ಜೂನಿನ ಮಿರಗದಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ನಮ್ಮದು ಎರೆಮಣ್ಣಿನ ನಾಡು. ಒಣಗಿದರೆ ಬಿರಿಯುತ್ತದೆ, ನೆನೆದರೆ ಕುಸಿಯುತ್ತದೆ, ಮೇಲಿನ ಡಾಂಬರು ಅದರ ಜೊತೆ ಹೋಗುತ್ತದೆ. ಅದರ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ತುಳಿದಿದ್ದವು, ಪೈಪಿಗೆಂದು ಅಗೆದವರು ಮಣ್ಣು ಮುಚ್ಚಿ ಕೈ ತೊಳೆದುಕೊಂಡಿದ್ದರು. ಆಷಾಢದ ಹೊತ್ತಿಗೆ ರಸ್ತೆಯಲ್ಲಿ ತಗ್ಗು ಇವೆ ಅನ್ನುವಂತಿರಲಿಲ್ಲ, ತಗ್ಗುಗಳ ನಡುವೆ ಅಲ್ಲಲ್ಲಿ ರಸ್ತೆ ಇತ್ತು.

ಅಂಥ ವರ್ಷ ನಮ್ಮವರಿಗೆ ಅಲಾಯ್ ಗಾಲಿಯ ಹುಚ್ಚು ಹಿಡಿಯಿತು. ಅಂಗಡಿಗೆ ಬರುವ ತೋಟದ ಮಾಲೀಕರೊಬ್ಬರ ಮಗ ಹಾಕಿಸಿಕೊಂಡು ಬಂದು ತೋರಿಸಿದ್ದ. ಅಂದಿನಿಂದ ಊಟಕ್ಕೆ ಕುಳಿತರೂ ಮೊಬೈಲಿನಲ್ಲಿ ಗಾಲಿ. "ಗಿರಾಕಿ ಮೊದಲ ಗಾಡಿ ನೋಡತಾರ ಸುವರ್ಣಾ, ಅಂಗಡಿ ಆಮ್ಯಾಲೆ ನೋಡತಾರ" ಅನ್ನುವರು. "ಗಿರಾಕಿ ಔಷಧ ಒಯ್ಯಾಕ ಬರತಾರೋ, ನಿಮ್ಮನ್ನ ಲಗ್ನಾ ಆಗಾಕ ಬರತಾರೋ?" ಅಂದೆ. ಕೇಳಲಿಲ್ಲ. ವಿಜಯಪುರದಲ್ಲಿ ಟಾಯರ್ ಅಂಗಡಿ ಇಟ್ಟ ಮೆಹಬೂಬಣ್ಣ ಕೂಡ ಕೈ ಮುಗಿದು ಹೇಳಿದ್ದ: "ಚೊಲೊ ಕಾಣತಾವು ಬಸಣ್ಣಾ, ಸುಳ್ಳ ಹೇಳೂದಿಲ್ಲ. ಖರೇ ಅಂದ್ರ, ನಿಮ್ಮ ರೋಡಿಗೆ ನಾ ಕೊಡಾಕ ಒಲ್ಲೆ." ವ್ಯಾಪಾರಸ್ತನೇ ಬೇಡ ಅಂದದ್ದನ್ನು ಇವರು ಹಟ ಹಿಡಿದು ತಂದರು. ಹಳೆಯ ಕಬ್ಬಿಣದ ಗಾಲಿಗಳನ್ನು ಅಲ್ಲೇ ಬದಲಿಗೆ ಕೊಟ್ಟು ಬಂದರು. ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಒಂದು ಮಾತ್ರ ಹಳೆಯದು ಉಳಿಯಿತು.

ಮಳೆ ನಿಂತಿದ್ದ ಒಂದು ಮಧ್ಯಾಹ್ನ ಗಾಡಿ ಅಂಗಳಕ್ಕೆ ಬಂತು. ದೊಡ್ಡ ಬೆಳ್ಳನೆಯ ರಿಮ್ಮು, ಅದರ ಸುತ್ತ ಅಂಚು ಹೊಲಿದಷ್ಟು ರಬ್ಬರು. ಮಾವ ಕಟ್ಟೆಯಿಂದ ಎದ್ದು ಬಂದು, ಒಂದು ಸುತ್ತು ಹಾಕಿ, ಕುಕ್ಕರಗಾಲಿನಲ್ಲಿ ಕುಳಿತು ಟಾಯರಿಗೆ ಬೆರಳು ಒತ್ತಿದರು.

"ಏನ್ಲೇ ಬಸ್ಯಾ, ಇವಕ್ಕ ಊಟಾ ಹಾಕಿಲ್ಲೇನು? ಹೊಟ್ಟಿ ಬೆನ್ನಿಗೆ ಹತ್ತೇತಿ."

"ಅಪ್ಪಾ, ಇದಕ್ಕ ಲೋ ಪ್ರೊಫೈಲ್ ಅಂತಾರ. ಇದು ಹಿಂಗ ಇರತೈತಿ."

"ಲೋ ಅಂದ್ರ ಕೆಳಗ ಅಂತ ನನಗೂ ತಿಳೀತೈತಿ. ರೋಡು ಅದಕ್ಕಿಂತ ಕೆಳಗೈತಲ್ಲೋ ತಮ್ಮಾ."

ನಾನು ಒಳಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ನಗು ಬಹಳ ದಿನ ಬಾಳಲಿಲ್ಲ. ಪೆಟ್ಟು ತಿನ್ನಲು ನಡುವೆ ರಬ್ಬರೇ ಇಲ್ಲದ ಗಾಡಿ ಅದು. ತಗ್ಗಿನ ಏಟು ಸೀದಾ ರಿಮ್ಮಿಗೆ, ರಿಮ್ಮಿನಿಂದ ನಮ್ಮ ಸೊಂಟ, ನಡಕ್ಕೆ. ಪಂಚಮಿಗೆ ಬಬಲೇಶ್ವರಕ್ಕೆ ನನ್ನನ್ನು ಬಿಡಲು ಬರುವಾಗ ನೀರು ತುಂಬಿದ ತಗ್ಗೊಂದರಲ್ಲಿ ದಬ್ ಅಂತ ಇಳಿದು, ರಿಮ್ಮು ಸೊಟ್ಟಾಗಿ, ಗಾಳಿ ಹೋಗಿ, ನಾನು ಉಂಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ರಸ್ತೆ ಬದಿಯಲ್ಲಿ ಕುಳಿತೆ. ಆಮೇಲೆ ಇದೇ ಕತೆ. ಮೆಹಬೂಬಣ್ಣ ರಿಮ್ಮು ಕಾಯಿಸಿ ಬೆಂಡು ತೆಗೆಯುವುದು, ಇವರು ಮತ್ತೊಂದು ತಗ್ಗು ಹುಡುಕುವುದು.

ಮಾವ ಆ ಗಾಡಿ ಹತ್ತುವುದಿಲ್ಲ ಅಂದರೆ ಹತ್ತುವುದಿಲ್ಲ. ಅದೇ ಹೊತ್ತಿಗೆ ಅವರ ಹೊಟ್ಟೆಯಲ್ಲಿ ನೀರು ತುಂಬತೊಡಗಿತು. ಲಿವರ್ ಕೆಟ್ಟಿದೆ ಅಂದರು. ಮೇಲಿಂದ ಮೇಲೆ ವಿಜಯಪುರದ ದವಾಖಾನೆಗೆ ಹೋಗಬೇಕಾಯಿತು. "ಆ ಗಾಡ್ಯಾಗ ಕುಂತ್ರ ದವಾಖಾನಿ ಮುಟ್ಟೂದ್ರಾಗ ಇನ್ನೊಂದ ಬ್ಯಾನಿ ಹತ್ತತೈತಿ" ಅಂದು ಬಸ್ಸಿಗೇ ಹೊರಟರು. ಜೊತೆಗೆ ನಾನು. ಅಪ್ಪನನ್ನು ಬಸ್ಸಿಗೆ ಕಳಿಸಿ ತಾನು ಹೇಗೆ ಮನೆಯಲ್ಲಿರಬೇಕೆಂದು ನಮ್ಮವರು ಆ ಬೆಳ್ಳನೆಯ ಗಾಲಿಗಳ ಮೇಲೆ ಬಸ್ಸಿನ ಹಿಂದೆ ಬರುವರು. ತಗ್ಗು ತಪ್ಪಿಸುತ್ತ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಾಡುತ್ತ ಹಿಂದೆ ಹಿಂದೆ ಬೀಳುವರು. ನಾವು ಸ್ಟ್ಯಾಂಡಿನಲ್ಲಿ ಇಳಿದು ಚಹಾ ಕುಡಿದು ಮುಗಿಸುವ ಹೊತ್ತಿಗೆ ಬಂದು ನಿಲ್ಲುವರು. "ಬಂದೇನಪಾ ಸಾವ್ಕಾರ?" ಅನ್ನುವರು ಮಾವ. ಇವರ ಮುಖ ಸಣ್ಣದಾಗುತ್ತಿತ್ತು. ನನಗೆ ಪಾಪ ಅನಿಸುತ್ತಿತ್ತು, ಆದರೆ ಹಾಗಂತ ಹೇಳುವವಳಲ್ಲ ನಾನು.

ಬಸ್ಸಿನಲ್ಲಿ ಮಾವನಿಗೆ ಡ್ರೈವರ್ ಹಿಂದಿನ ಸೀಟು ಬಿಟ್ಟುಕೊಡುತ್ತಿದ್ದರು. ಎಲ್ಲರೂ ಅವರ ಕೈಕೆಳಗೆ ಕಲಿತವರೇ. ಕುಳಿತವರೇ ಕಣ್ಣು ಮುಚ್ಚುವರು. ಬಸ್ಸು ಒಂದು ತಗ್ಗಿಗೆ ಇಳಿದು ಏಳುತ್ತಿತ್ತು. ಮಾವ ಒಂದು ಉಸಿರು ಬಿಟ್ಟು, "ಹಳ್ಳದ ಪೂಲು" ಅನ್ನುವರು. ನಾನು ಕಿಟಕಿಯಲ್ಲಿ ಬಗ್ಗಿ ನೋಡಿದರೆ ಪೂಲೇ. ಮತ್ತೊಂದು ಕುಲುಕು. "ತೊರವಿ." ತೊರವಿಯೇ.

"ಹೆಂಗ ಗೊತ್ತಾಗತೈತ್ರಿ ಮಾವಾರ?"

"ಕಣ್ಣು ಬಿಟ್ಟು ಹೊಡದ್ದು ಕಡಿಮಿ ಯವ್ವಾ. ನಿದ್ದಿ ಇಲ್ಲದ ಡ್ಯೂಟಿ. ಈ ನಡಾನ ರೋಡ್ ನೋಡಿಕೊಂಡು ಹೋಗತಿತ್ತು."

ಡ್ರೈವರ್ ಹಿಂದೆ ತಿರುಗಿ ನಕ್ಕ. ನಾನೂ ನಕ್ಕೆ. ಹೊರಗೆ ಮಳೆ ಜಿನುಗುತ್ತಿತ್ತು. ಮಾವನ ಕೈಯ ಮೇಲಿನ ಚರ್ಮ ಹಳದಿಯಾಗಿದ್ದನ್ನು ನಾನು ಅವತ್ತೇ ಮೊದಲು ಸರಿಯಾಗಿ ನೋಡಿದ್ದು.

ದಸರೆಯ ಖಂಡೆಪೂಜೆಯ ದಿನ ಗಾಡಿ ತೊಳೆದು, ಹೂವು ಏರಿಸಿ, ಗಾಲಿಗೊಂದು ಲಿಂಬೆಹಣ್ಣು ಇಟ್ಟಿದ್ದೆವು. ನೌಕರಿಯಲ್ಲಿದ್ದಾಗ ಡಿಪೋದಲ್ಲಿ ತಮ್ಮ ಬಸ್ಸಿನ ಪೂಜೆ ತಾವೇ ಮಾಡುತ್ತಿದ್ದವರು ಮಾವ. ಅವತ್ತು ಗೋಡೆ ಹಿಡಿದುಕೊಂಡು ಎದ್ದು ಬಂದರು. ಅಂತೂ ಸಿಟ್ಟು ಇಳಿಯಿತಲ್ಲ ಅಂದುಕೊಂಡು ನಮ್ಮವರು ತಟ್ಟೆ ಹಿಡಿದು ನಿಂತರು. ಮಾವ ಹೊಳೆಯುವ ಗಾಲಿಗಳನ್ನೆಲ್ಲ ದಾಟಿ ಹಿಂದೆ ಹೋಗಿ, "ಡಿಕ್ಕಿ ತಗಿ" ಅಂದರು. ಒಳಗೆ ಮಣ್ಣು ಮೆತ್ತಿಕೊಂಡು ಬಿದ್ದಿದ್ದ ಹಳೆಯ ಸ್ಟೆಪ್ನಿಗೆ ಮೂರು ಬೆರಳು ವಿಭೂತಿ ಎಳೆದು ಕೈ ಮುಗಿದರು. "ಈ ಗಾಡ್ಯಾಗ ನನಗ ಗುರ್ತಿದ್ದಂವ ಇಂವ ಒಬ್ಬನ" ಅಂದು ಒಳಗೆ ಹೋಗಿ ಮಲಗಿದರು. ಅತ್ತೆ ಗೊಳ್ಳನೆ ನಕ್ಕರು. ಇವರು ತಟ್ಟೆಯನ್ನು ಬಾನೆಟ್ಟಿನ ಮೇಲೆ ಕುಕ್ಕಿ ಹಿತ್ತಲಿಗೆ ನಡೆದರು. ಅಪ್ಪ ಒಮ್ಮೆ ಚೆನ್ನಾಗಿದೆ ಅನ್ನಲಿ ಎಂಬುದಷ್ಟೇ ಆ ಮನುಷ್ಯನಿಗೆ ಬೇಕಾಗಿತ್ತು. ಗಿರಾಕಿ, ಅಂಗಡಿ ಎಲ್ಲ ಬರೀ ಮಾತು.

ಅಕ್ಟೋಬರಿನಲ್ಲಿ ದ್ರಾಕ್ಷಿಗೆ ಚಾಟ್ನಿ ಹೊಡೆದ ಮೇಲೆ, ಅಂದರೆ ಬಳ್ಳಿ ಕತ್ತರಿಸಿ ಚಿಗುರು ಬಂದ ಮೇಲೆ, ಮಳೆ ಬೀಳಬಾರದು. ಆ ವರ್ಷ ದಿನಾ ಬಿತ್ತು. ಚಿಗುರಿಗೆಲ್ಲ ರೋಗ ಹತ್ತಿತು. ಅಂಗಡಿಗೆ ಬಂದವರು ಮಾತು ಕಡಿಮೆ ಮಾಡಿ ಕೊಳೆತ ಎಲೆಯನ್ನು ಗಲ್ಲಾದ ಮೇಲೆ ಇಡುತ್ತಿದ್ದರು. ಮನೆಯಲ್ಲಿ ಮಾವ ಊಟ ಬಿಟ್ಟಿದ್ದರು. ಇತ್ತ ಗಾಡಿಯ ಹಿಂದಿನ ಎಡ ಟಾಯರಿನ ಗೋಡೆಗೆ ಗುಳ್ಳೆ ಎದ್ದಿತ್ತು. "ಇದು ಯಾವಾಗರ ಒಡೀತೈತ್ರಿ, ಆ ಸೈಜು ಇಲ್ಲಿ ಸಿಗೂದಿಲ್ಲ, ಹೊರಗಿಂದ ತರಸತೇನಿ" ಅಂದಿದ್ದ ಮೆಹಬೂಬಣ್ಣ. ಅದು ಬರುವ ಮೊದಲೇ ಮಾವನನ್ನು ವಿಜಯಪುರದ ದವಾಖಾನೆಯಲ್ಲಿ ಒಳಗೆ ಹಾಕಿಕೊಂಡರು. ದೀಪಾವಳಿ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಡಾಕ್ಟರು ನಮ್ಮನ್ನು ಪಕ್ಕಕ್ಕೆ ಕರೆದು, ಇನ್ನು ಮನೆಗೆ ಒಯ್ಯುವುದಾದರೆ ಇವತ್ತೇ ಒಯ್ಯಿರಿ ಅಂದರು.

ಅತ್ತೆಗೆ ಫೋನು ಮಾಡಿದೆ. ಅವರು ಅಳಲಿಲ್ಲ. "ಇಡೀ ಜನ್ಮ ರೋಡಿನ್ಯಾಗ ಕಳದಾರ ಬೇ ಅವರು. ಜೀವಾ ಆದ್ರೂ ಮನ್ಯಾಗ ಬಿಡಲಿ. ಅಯ್ಯನೋರನ್ನ ಕರಿಸಿ ಕುಂದ್ರಸತೇನಿ. ಉಸರಿರೂತನಕ ಮನಿ ಮುಟ್ಟಸ್ರಿ, ನಿಮ್ಮ ಕಾಲಿಗೆ ಬೀಳತೇನಿ." ಅತ್ತೆ ಸೊಸೆಗೆ ಆಡುವ ಮಾತೇ ಅದು?

ನಮ್ಮವರು ಆಂಬುಲೆನ್ಸ್ ಹೇಳಲು ಹೋದರು. ಆ ಗಾಲಿಗಳ ಮೇಲೆ ಅಪ್ಪನನ್ನು ಒಯ್ಯುವ ಧೈರ್ಯ ಅವರಿಗಿರಲಿಲ್ಲ. ಮಾವ ಮಂಚದ ಮೇಲಿಂದ ಕೈ ಅಲ್ಲಾಡಿಸಿದರು. "ಅದು ಬ್ಯಾಡ. ಹಿಂದ ಮಲಗಿಸಿ ಬಾಗಲಾ ಹಾಕತಾರ. ಎಲ್ಲಿ ಹೊಂಟೇನಿ ಅನ್ನೂದ ತಿಳಿಯೂದಿಲ್ಲ." ಮತ್ತೆ ಅಂದರು: "ಬಸ್ಯಾನ ಗಾಡಿ ಐತಲ್ಲ. ಅದ್ರಾಗ ನಡೀರಿ."

ಇವರು ಗೋಡೆಯ ಕಡೆ ಮುಖ ತಿರುಗಿಸಿ ನಿಂತುಬಿಟ್ಟರು.

ಹಿಂದಿನ ಸೀಟಿನ ಎಡಕ್ಕೆ ನಾನು ಕುಳಿತೆ. ಮಾವನ ತಲೆ ನನ್ನ ತೊಡೆಯ ಮೇಲೆ, ಮಡಚಿದ ಕಾಲು ಆಚೆಯ ಬಾಗಿಲಿಗೆ. ಮಧ್ಯಾಹ್ನ ದಾಟಿತ್ತು, ಮಳೆ ಸಣ್ಣಗೆ ಹಿಡಿದಿತ್ತು. ಊರು ಬಿಡುತ್ತಲೇ ಇವರು ಓಡಿಸಿದರು, ಗಾಡಿ ಎತ್ತಿ ಒಗೆಯಿತು, ಮಾವ ನರಳಿದರು. ಇವರು ನಿಧಾನ ಮಾಡಿದರು. ನಿಧಾನ ಮಾಡಿದರೆ ಹೊತ್ತು ಹೋಗುತ್ತದೆಂದು ಮತ್ತೆ ಓಡಿಸಿದರು. ಓಡಿಸಿದರೆ ಗುಳ್ಳೆ ಒಡೆದೀತೆಂದು ಮತ್ತೆ ಬ್ರೇಕು. ಹೊರಡುವ ಗಡಿಬಿಡಿಯಲ್ಲಿ ಸ್ಟೆಪ್ನಿ ಹಾಕಿಕೊಳ್ಳುವುದು ಇಬ್ಬರಿಗೂ ಹೊಳೆದಿರಲಿಲ್ಲ. ಅವರ ಕುತ್ತಿಗೆಯ ಹಿಂದೆ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು.

"ನನ್ನ ನೋಡಬ್ಯಾಡ್ಲೇ. ರೋಡ್ ನೋಡು" ಅಂದರು ಮಾವ, ಕಣ್ಣು ಮುಚ್ಚಿಕೊಂಡೇ. ಒಂದು ದೊಡ್ಡ ಕುಲುಕು ಆಯಿತು. ಅವರ ಮುಖ ಹಿಂಡಿಕೊಂಡಿತು. ಉಸಿರು ಬಿಟ್ಟು ಅಂದರು: "ತೊರವಿ."

ಹೌದು, ತೊರವಿ. ಬಸ್ಸಿನಲ್ಲಿ ಸೀಟು ನುಂಗುತ್ತಿದ್ದ ಸಣ್ಣ ತಗ್ಗುಗಳನ್ನೂ ಆ ಹಾಳು ಟಾಯರುಗಳು ಒಂದನ್ನೂ ಬಿಡದೆ ಅವರ ಬೆನ್ನಿಗೆ ಮುಟ್ಟಿಸುತ್ತಿದ್ದವು. ಆಲದ ತಿರುವು ಅಂದರು. ಕಲ್ಲಿನ ಖಣಿ ಅಂದರು. ಬಸ್ಸಿನಲ್ಲಿ ಹೇಳದಿದ್ದ ಊರು ಕೇರಿ ಎಲ್ಲ ಹೇಳಿದರು. ಒಂದೊಂದು ಹೆಸರೂ ಒಂದೊಂದು ಪೆಟ್ಟು ತಿಂದು ಬರುತ್ತಿತ್ತು. ನನಗೆ ಕಿವಿ ಮುಚ್ಚಿಕೊಳ್ಳಬೇಕು ಅನಿಸಿತು. ಆದರೆ ಆ ಹೆಸರುಗಳು ಬರುವತನಕ ಜೀವವಿದೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. "ತಿಕೋಟಾ" ಅಂದಾಗ ಮುಂದೆ ಕುಳಿತವರು ಗಟ್ಟಿಯಾಗಿ, "ಹೌದಪಾ, ತಿಕೋಟಾ ಬಂತು, ಇನ್ನ ಬಾಳ ಇಲ್ಲ" ಅಂದರು.

ತಿಕೋಟಾ ದಾಟಿ ಅರ್ಧ ದಾರಿಗೆ ನನ್ನ ಕೆಳಗೇ ಟಾಯರು ಒಡೆಯಿತು. ಇವರು ಮಳೆಯಲ್ಲೇ ಇಳಿದು ಜಾಕಿ ಹಚ್ಚಿದರು. ಮಣ್ಣು ಕುಸಿದು ಜಾಕಿ ಎರಡು ಸಲ ಜಾರಿತು. ಕಲ್ಲು ಹುಡುಕಿ ತಂದು ಇಟ್ಟರು. ಬೈಯುವುದೂ ಇಲ್ಲ, ಅಳುವುದೂ ಇಲ್ಲ, ಬರೀ ಬಾಯಿ ತೆರೆದು ಉಸಿರಾಡುತ್ತಿದ್ದರು. ಹಳೆಯ ಸ್ಟೆಪ್ನಿ ಹೊರಬಂತು. ಖಂಡೆಪೂಜೆಯ ವಿಭೂತಿ ಅದರ ಮೇಲೆ ಇನ್ನೂ ಸ್ವಲ್ಪ ಇತ್ತು. ಮಳೆಗೆ ತೊಳೆದು ಹೋಯಿತು.

ಗಾಡಿ ಹೊರಟು ಮೊದಲ ತಗ್ಗು ಬಂತು. ತಲೆಯ ಕಡೆಗೆ ಈಗ ಹೊಟ್ಟೆಯಿದ್ದ ಟಾಯರು. ಮಾವ ಕಣ್ಣು ತೆರೆದು ನನ್ನನ್ನು ನೋಡಿದರು.

"ಈ ಮೂಲಿ ಮೆತ್ತಗಾತು ನೋಡು" ಅಂದರು.

ಆಮೇಲೆ ಮಾತಾಡಲಿಲ್ಲ. ನಿದ್ದೆ ಬಂತು ಅಂದುಕೊಂಡೆ. ಒಂದು ಗಳಿಗೆ ಬಿಟ್ಟು ಮೂಗಿನ ಹತ್ತಿರ ಅಂಗೈ ಹಿಡಿದೆ. ಹಿಡಿದೇ ಇದ್ದೆ. ಏನೂ ಬರಲಿಲ್ಲ.

"ಅಪ್ಪ ಯಾಕ ಸುಮ್ಮಾದ?" ಅಂದರು ಇವರು.

"ಮಲಗ್ಯಾರ."

"ಎಬ್ಬಸು. ಎಲ್ಲಿ ಬಂತ ಅಂತ ಕೇಳು."

ನಾನು ಮಾವನ ಕಿವಿಯ ಹತ್ತಿರ ಬಗ್ಗಿದಂತೆ ಮಾಡಿದೆ. ಕಿಟಕಿಯಿಂದ ಮುಂದೆ ನೋಡಿದೆ, ಹಳ್ಳದ ಪೂಲು ಕಾಣುತ್ತಿತ್ತು. "ಹಳ್ಳದ ಪೂಲು ಅಂದ್ರರಿ" ಅಂದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ. ಇವರು ಹೂಂ ಅನ್ನಲಿಲ್ಲ. ಪೂಲಿನ ಬಾಯಿಯ ದೊಡ್ಡ ತಗ್ಗಿನಲ್ಲಿ ಗಾಡಿ ಇಳಿದು ಎದ್ದಿತು. ಅಲ್ಲಿಂದ ಮುಂದೆ ಅವರು ಒಮ್ಮೆಯೂ ಓಡಿಸಲಿಲ್ಲ. ಪ್ರತಿ ತಗ್ಗಿನ ಮುಂದೆ ಪೂರ್ತಿ ನಿಂತು, ಅಂಚು ಹಿಡಿದು, ತುಂಬಿದ ಕೊಡ ಹೊತ್ತವರಂತೆ ದಾಟಿಸಿದರು. ನನಗೆ ಒಳಗೊಳಗೇ ಸಿಟ್ಟು ಬಂತು. ಓಡಿಸಬೇಕಾದಾಗ ಓಡಿಸಲಿಲ್ಲ, ಈಗ ಮೆರವಣಿಗೆ ಮಾಡುತ್ತಾರಲ್ಲ ಅಂತ. ಮಡ್ಡಿಯ ದಿಬ್ಬ ಬಂದಾಗ "ಮಡ್ಡಿ ಅಂದ್ರು" ಅಂದೆ. ಊರಿನ ಶಾಲೆ ಬಂದಾಗ "ಸಾಲಿ ಅಂದ್ರು" ಅಂದೆ. ಮಾವನ ಬಾಯಿಯನ್ನು ನನ್ನ ಸೆರಗಿನಿಂದ ಮುಚ್ಚಿದ್ದೆ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಜೀವಾ ಐತಿಲ್ಲೋ?"

"ಐತ್ರಿ ಅತ್ಯಾರ" ಅಂದೆ.

ಪಡಸಾಲೆಯಲ್ಲಿ ಮಲಗಿಸಿದೆವು. ಅಯ್ಯನವರು ಕೈ ಹಿಡಿದು ನೋಡಿದರು. ನನ್ನ ಮುಖ ನೋಡಿದರು. ನಾನು ಕಣ್ಣು ತೆಗೆಯಲಿಲ್ಲ. ಅವರು ಏನೂ ಕೇಳದೆ ಹಣೆಗೆ ವಿಭೂತಿ ಹಚ್ಚಿ, ಕಿವಿಯಲ್ಲಿ ಮಂತ್ರ ಹೇಳಿ, ಅತ್ತೆಯ ಕೈಯಿಂದ ತುಟಿಗೆ ನೀರು ಹಾಕಿಸಿ, ಆಮೇಲೆ "ಹ್ವಾದ್ರವ್ವಾ" ಅಂದರು. ಅತ್ತೆ ಆಗ ಅತ್ತರು. ಅಳುವಿನ ನಡುವೆಯೇ ಬಂದವರಿಗೆಲ್ಲ ಹೇಳಿದರು: "ಮನಿಗೆ ಬಂದು ಹ್ವಾದ್ರು. ನನ್ನ ಕೈಲೆ ನೀರ ಕುಡದು ಹ್ವಾದ್ರು." ಮರುದಿನ ಹೊಲದಲ್ಲಿ ಕುಳ್ಳಿರಿಸಿ ಮಣ್ಣು ಕೊಟ್ಟು ಬಂದ ಮೇಲೂ ಅದೇ ಮಾತು. ಊರಿನ ಒಬ್ಬಿಬ್ಬರು ನಮ್ಮವರಿಗೆ ಕೇಳಿಸುವಂತೆಯೇ ಆ ಟಾಯರುಗಳ ಮಾತು ತೆಗೆದರು. ಅತ್ತೆ ಅವರ ಮೇಲೆ ಹರಿಹಾಯ್ದರು: "ನನ್ನ ಮಗಾ ಮುಟ್ಟಿಸ್ಯಾನ. ಇನ್ನೇನ ಬೇಕ್ರಿ ನಿಮಗ?"

ದಿನಕರ್ಮ ಮುಗಿಯುತ್ತಲೇ ಇವರು ಒಬ್ಬರೇ ವಿಜಯಪುರಕ್ಕೆ ಹೋಗಿ ಕಬ್ಬಿಣದ ಗಾಲಿ ಹಾಕಿಸಿಕೊಂಡು ಬಂದರು. ಆ ಮನುಷ್ಯನ ಬಾಯಿಯಿಂದ ಗಾಡಿಯ ಮಾತೇ ನಿಂತಿತು. ಊಟದ ಮುಂದೆ ಮೊಬೈಲೂ ಇಲ್ಲ, ಮಾತೂ ಇಲ್ಲ. ಅಪ್ಪ ದಾರಿಯಲ್ಲೇ ಹೋದ ಎಂದು ತಿಳಿದರೆ ಇವರು ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಅದಕ್ಕೆ ಬಾಯಿ ಹೊಲಿದುಕೊಂಡೆ. ಹೊಲಿದುಕೊಂಡದ್ದಕ್ಕೆ ನನಗೆ ಇವತ್ತೂ ಪಶ್ಚಾತ್ತಾಪವಿಲ್ಲ. ಅತ್ತೆ ಈ ಬೇಸಿಗೆಯಲ್ಲಿ ತೀರಿಕೊಂಡರು. ಸಾಯುವ ಮೊದಲೂ ನನ್ನ ಕೈ ಹಿಡಿದು, "ನೀವಿಬ್ಬರೂ ಅವರನ್ನ ಮನಿಗೆ ತಂದ್ರಿ" ಅಂದಿದ್ದರು.

ಹೋದ ತಿಂಗಳ ಆ ಸಂಜೆ ಹಳ್ಳದ ಪೂಲು ಹತ್ತಿರ ಬಂದಾಗ ಇವರು ಗಾಡಿ ನಿಧಾನ ಮಾಡಿದರು. ಕರೀ ಡಾಂಬರಿನ ಮೇಲೆ ಎಲ್ಲಿಯೂ ಒಂದು ಗೆರೆ ಇರಲಿಲ್ಲ.

"ಇಲ್ಲೇ ಅಲ್ಲ, ಅವತ್ತ ನೀ ಹೇಳಿದ್ದು?"

"ಏನ ಹೇಳಿದ್ದು?"

"ಪೂಲು ಅಂತ." ಅವರು ರಸ್ತೆಯನ್ನೇ ನೋಡುತ್ತಿದ್ದರು. "ಅಪ್ಪ ತಗ್ಗು ಬಿದ್ದ ಮ್ಯಾಲೆ ಹೇಳತಿದ್ದ ಸುವರ್ಣಾ. ನೀ ಬೀಳೂ ಮೊದಲ ಹೇಳಿದಿ."

ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ಗಾಡಿಯಲ್ಲಿ, ಇವರಿಗಾಗಿ ನಾನು, ತಮ್ಮ ಅವ್ವನಿಗಾಗಿ ಇವರು ಬಾಯಿ ಹೊಲಿದುಕೊಂಡಿದ್ದೆವು.

"ಮತ್ತ ಯಾಕ ಅಷ್ಟ ಸಾವಕಾಶ ಹೊಡದ್ರಿ ಆವಾಗ?" ಅಂದೆ.

"ಇನ್ನ ಅವಸರ ಇರಲಿಲ್ಲ. ಅಪ್ಪಗ ಮತ್ತೊಂದ ಪೆಟ್ಟು ಬ್ಯಾಡ ಅನಿಸ್ತು."

ಗಾಡಿ ಪೂಲು ದಾಟಿತು. ಸೀಟು ಅಲ್ಲಾಡಲಿಲ್ಲ, ಬಾಗಿಲು ಸದ್ದು ಮಾಡಲಿಲ್ಲ. ನಾನು ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿದೆ. ಬಹಳ ಹೊತ್ತು ಹಾಗೇ ಇದ್ದೆ. ಮಡ್ಡಿ ಯಾವಾಗ ದಾಟಿತೋ, ಸಾಲಿ ಯಾವಾಗ ದಾಟಿತೋ, ನನಗೆ ತಿಳಿಯಲಿಲ್ಲ.